ನಮ್ಮ ಹೆಸರು ಯಾರ ಪುಸ್ತಕದಲ್ಲಿದೆ?

ಕುಂದಾಪುರದ ಹಂಚಿನ ಕಾರ್ಖಾನೆಯಲ್ಲಿ ದುಡಿಯುವ ಕಾರ್ಮಿಕನಿಗೂ, ಬೈಂದೂರು ಕಡೆಯ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಸುಲಿಯುವ ಹೆಂಗಸಿಗೂ, ಬ್ರಹ್ಮಾವರದ ಪೇಟೆಯಲ್ಲಿ ಹತ್ತಡಿ ಅಗಲದ ಅಂಗಡಿ ಇಟ್ಟುಕೊಂಡ ದಿನಸಿ ವ್ಯಾಪಾರಿಗೂ ಈಗ ದಿನ ಬೆಳಗಾದರೆ ಪತ್ರಗಳು ಬರುತ್ತವೆ. ಅಂಚೆಯವನು ತರುವ ಪತ್ರಗಳಲ್ಲ. ಕಿಸೆಯಲ್ಲಿರುವ ಫೋನಿಗೆ ನೇರವಾಗಿ ಬಂದಿಳಿಯುವ ಪತ್ರಗಳು. ಒಂದೊಂದರ ತಲೆಯಲ್ಲಿಯೂ ಓದುವವನ ಹೆಸರಿರುತ್ತದೆ. ನಿಮಗಾಗಿಯೇ ಇಷ್ಟು ಸಾಲ ಮಂಜೂರಾಗಿದೆ, ನಿಮಗೆ ಮಾತ್ರ ಇಂದು ರಾತ್ರಿಯ ತನಕ ಈ ಬೆಲೆ, ನೀವು ನೋಡಿ ಬಿಟ್ಟುಹೋದ ಸೀರೆ ಇನ್ನೂ ನಿಮಗಾಗಿ ಕಾದಿದೆ ಎಂಬಂಥ ನಯವಾದ ಮಾತುಗಳಿರುತ್ತವೆ. ಬುಡದಲ್ಲಿ ನೀಲಿ ಬಣ್ಣದ ಒಂದು ಲಿಂಕು. ಅದನ್ನು ಒತ್ತಿದರೆ ತೆರೆದುಕೊಳ್ಳುವ ಪುಟದಲ್ಲಿಯೂ ನಮ್ಮದೇ ಹೆಸರು, ನಮ್ಮದೇ ಊರು, ನಾವು ಮನಸ್ಸಿನಲ್ಲಿ ಬಯಸಿದ್ದೇ ವಸ್ತು.

ನಮ್ಮನ್ನು ಹೆಸರು ಹಿಡಿದು ಕರೆಯುವವರು ಯಾರು? ಹೆತ್ತವರು, ನೆರೆಕರೆಯವರು, ಜೊತೆಯಲ್ಲಿ ದುಡಿಯುವವರು, ‘ಹ್ವಾಯ್, ಬನ್ನಿ’ ಎಂದು ಅಂಗಡಿಯ ಜಗಲಿಯಿಂದ ಕೂಗುವ ಪರಿಚಯದ ವ್ಯಾಪಾರಿಗಳು. ಹೆಸರು ಹಿಡಿದು ಕರೆಯುವುದು ಸಲಿಗೆಯ ಲಕ್ಷಣ. ಸಲಿಗೆಯ ಹಿಂದೆ ಪರಿಚಯ ಇರಬೇಕು. ಮುಖವನ್ನೇ ಕಾಣದ ಕಂಪೆನಿಯೊಂದು ಇದೇ ಸಲಿಗೆ ತೋರಿಸತೊಡಗಿದರೆ ನಾವು ಕೇಳಬೇಕಾದ ಪ್ರಶ್ನೆಗಳು ಎರಡು. ಈ ಹೆಸರು ಅದಕ್ಕೆ ಎಲ್ಲಿಂದ ಸಿಕ್ಕಿತು? ಹೆಸರಿನ ಮುಂದೆ ಅದು ಇನ್ನೇನೇನು ಬರೆದುಕೊಂಡಿದೆ?

ಇದು ಪಟ್ಟಣದ ಓದಿದವರ ಚರ್ಚೆ, ನಮಗೆ ಯಾತಕ್ಕೆ ಎನ್ನುವವರಿದ್ದಾರೆ. ಅವರ ಮಾತನ್ನು ನಾವು ಒಪ್ಪುವುದಿಲ್ಲ. ಇದು ಸಾಲ, ಬೆಲೆ, ಗಿರಾಕಿ ಎಂಬ ಮೂರಕ್ಕೆ ಸಂಬಂಧಿಸಿದ ವಿಷಯ. ಈ ಮೂರರಲ್ಲಿಯೇ ಕಾರ್ಮಿಕನ ಮತ್ತು ಸಣ್ಣ ವ್ಯಾಪಾರಿಯ ಜೀವ ಇರುವುದು.

ಬಾಲವುಳ್ಳ ಲಿಂಕು

ಮೊದಲು ಈ ಯಂತ್ರದ ಕೆಲಸ ಹೇಗೆ ನಡೆಯುತ್ತದೆಂಬುದನ್ನು ತಿಳಿಯೋಣ. ಹತ್ತು ಸಾವಿರ ಜನರಿಗೆ ಒಂದೇ ಒಕ್ಕಣೆಯ ಪತ್ರ ತಯಾರಾಗುತ್ತದೆ. ಹೆಸರಿನ ಜಾಗ ಖಾಲಿ ಇರುತ್ತದೆ. ಯಂತ್ರವು ಪಟ್ಟಿಯಿಂದ ಒಂದೊಂದೇ ಹೆಸರನ್ನು ತೆಗೆದು ಆ ಜಾಗಕ್ಕೆ ತುಂಬುತ್ತದೆ. ಸಹಕಾರಿ ಸಂಘದ ಮಹಾಸಭೆಯ ನೋಟೀಸಿನಲ್ಲಿ ಗುಮಾಸ್ತರು ಸದಸ್ಯರ ಹೆಸರನ್ನು ಕೈಯಿಂದ ಬರೆದು ತುಂಬುತ್ತಿದ್ದುದೂ ಇದೇ ಕೆಲಸ. ಇಲ್ಲಿಯ ತನಕ ಹೆದರತಕ್ಕದ್ದೇನೂ ಇಲ್ಲ.

ಕರಾಮತ್ತು ಇರುವುದು ಲಿಂಕಿನಲ್ಲಿ. ಹತ್ತು ಸಾವಿರ ಪತ್ರಗಳಲ್ಲಿಯೂ ಲಿಂಕಿನ ತಲೆ ಒಂದೇ ಆದರೂ ಬಾಲ ಬೇರೆ ಬೇರೆ. ಆ ಬಾಲದಲ್ಲಿ ಕೆಲವು ಅಂಕೆ, ಕೆಲವು ಅಕ್ಷರ ಇರುತ್ತವೆ. ಓದುವವನಿಗೆ ಅವು ಅರ್ಥವಿಲ್ಲದವು; ಕಳುಹಿಸಿದವನಿಗೆ ಅವು ನಮ್ಮ ಗುರುತು. ನಾವು ಅದನ್ನು ಒತ್ತಿದ ಕ್ಷಣದಲ್ಲಿಯೇ, ಇಂಥವನು, ಇಂಥ ದಿನ, ಇಂಥ ಗಳಿಗೆಯಲ್ಲಿ, ಇಂಥ ಜಾತಿಯ ಫೋನಿನಿಂದ ಒತ್ತಿದನೆಂದು ಅಲ್ಲಿ ದಾಖಲಾಗುತ್ತದೆ. ಒತ್ತದೆ ಬಿಟ್ಟರೆ ಅದೂ ದಾಖಲೆಯೇ. ಈ-ಮೇಲಿನಲ್ಲಿಯಾದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಒಂದು ಚುಕ್ಕೆಯ ಚಿತ್ರವನ್ನು ಪತ್ರದೊಳಗೆ ಅಡಗಿಸಿಡುವ ಪದ್ಧತಿಯೂ ಉಂಟು. ಪತ್ರ ತೆರೆದೊಡನೆ ಆ ಚುಕ್ಕೆಯನ್ನು ತರಿಸಿಕೊಳ್ಳಲು ಫೋನು ಕಂಪೆನಿಯ ಯಂತ್ರಕ್ಕೆ ಸುದ್ದಿ ಕಳುಹಿಸುತ್ತದೆ. ಪತ್ರ ಓದಿದೆವೆಂಬುದು ಹೀಗೆ ಗೊತ್ತಾಗುತ್ತದೆ.

ಇದು ಒಂದೇ ದಿನದಲ್ಲಿ ಹುಟ್ಟಿದ ವಿದ್ಯೆಯಲ್ಲ. 1978ರ ಮೇ ತಿಂಗಳಲ್ಲಿ ಅಮೆರಿಕೆಯ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪೆನಿಯ ಗ್ಯಾರಿ ಥರ್ಕ್ ಎಂಬಾತನು ಸುಮಾರು 400 ಮಂದಿಗೆ ಒಂದೇ ಜಾಹೀರಾತನ್ನು ಈ-ಮೇಲಿನಲ್ಲಿ ಕಳುಹಿಸಿದನು. ಎಲ್ಲರಿಗೂ ಅದೇ ಪತ್ರ. ಯಕ್ಷಗಾನ ಮೇಳದವರು ಊರೂರಿಗೆ ಹಂಚುವ ಕರಪತ್ರದ ಹಾಗೆ. 1994ರಲ್ಲಿ ನೆಟ್‌ಸ್ಕೇಪ್ ಕಂಪೆನಿಯ ಲೂ ಮೊಂಟುಲಿ ಎಂಬಾತನು ‘ಕುಕ್ಕಿ’ ಎಂಬ ಚೀಟಿಯನ್ನು ಕಂಡುಹಿಡಿದನು. ಒಂದು ಜಾಲಪುಟಕ್ಕೆ ಒಮ್ಮೆ ಹೋಗಿ ಬಂದವನ ಯಂತ್ರದಲ್ಲಿ ಆ ಚೀಟಿ ಉಳಿಯುತ್ತದೆ. ಮತ್ತೊಮ್ಮೆ ಹೋದಾಗ ಇವನು ಅವನೇ ಎಂದು ಗುರುತು ಸಿಗುತ್ತದೆ. ಅಂದಿನಿಂದ ಕರಪತ್ರದ ಕಾಲ ಮುಗಿಯಿತು. ಇಂದು ಪುಟ ಒಂದೇ, ಆದರೆ ನೋಡುವ ಕಣ್ಣಿಗೆ ತಕ್ಕ ಹಾಗೆ ಅದು ವೇಷ ಬದಲಿಸುತ್ತದೆ. ಒಬ್ಬನಿಗೆ ಬಂಗಾರ ತೋರಿಸುತ್ತದೆ, ಇನ್ನೊಬ್ಬನಿಗೆ ಬಂಗಾರದ ಮೇಲೆ ಸಾಲ ತೋರಿಸುತ್ತದೆ.

ಇದರಲ್ಲಿರುವ ಲಾಭ ಅಲ್ಪಸ್ವಲ್ಪದ್ದಲ್ಲ. 2023ರ ಒಂದೇ ವರ್ಷದಲ್ಲಿ ಗೂಗಲ್ ಕಂಪೆನಿ ಜಾಹೀರಾತಿನಿಂದ ಪಡೆದದ್ದು ಸುಮಾರು 23,780 ಕೋಟಿ ಡಾಲರ್. ಫೇಸ್‌ಬುಕ್ ಮತ್ತು ವಾಟ್ಸಾಪಿನ ಒಡೆತನವುಳ್ಳ ಮೆಟಾ ಕಂಪೆನಿ ಪಡೆದದ್ದು ಸುಮಾರು 13,190 ಕೋಟಿ ಡಾಲರ್. ನಮಗೆ ಪುಕ್ಕಟೆಯಾಗಿ ಸಿಕ್ಕಿತೆಂದು ನಾವು ಸಂತೋಷಪಡುವ ವಸ್ತುವಿನ ಬೆಲೆಯನ್ನು ಯಾರೋ ಎಲ್ಲಿಯೋ ಕೊಡುತ್ತಿದ್ದಾರೆ. ಕೊಟ್ಟವನು ಅದನ್ನು ಸರಕಿನ ಬೆಲೆಗೆ ಸೇರಿಸಿ ಮತ್ತೆ ನಮ್ಮಿಂದಲೇ ಪಡೆಯುತ್ತಾನೆ.

ಮೂರು ಪುಸ್ತಕಗಳು

ನಮ್ಮ ಜಿಲ್ಲೆಯ ಜನರಿಗೆ ಲೆಕ್ಕದ ಪುಸ್ತಕ ಹೊಸತಲ್ಲ. ನಮ್ಮ ಹೆಸರು ಬರೆದಿಟ್ಟ ಪುಸ್ತಕಗಳನ್ನು ನಾವು ಬಹಳ ಕಂಡಿದ್ದೇವೆ. ಅವುಗಳಲ್ಲಿ ಒಳ್ಳೆಯವೂ ಇದ್ದವು, ಕೆಟ್ಟವೂ ಇದ್ದವು. ಯಾವುದು ಒಳ್ಳೆಯದು, ಯಾವುದು ಕೆಟ್ಟದು ಎಂಬುದನ್ನು ತೀರ್ಮಾನಿಸುವ ಅಳತೆ ಒಂದೇ: ಆ ಪುಸ್ತಕವನ್ನು ನಾವು ನೋಡಬಹುದೇ, ಇಲ್ಲವೇ?

ಮೊದಲನೆಯ ಪುಸ್ತಕ ಪಿಗ್ಮಿಯದು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಪ್ರಸಿದ್ಧವಾಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಎರಡಾಣೆಯಷ್ಟು ಚಿಲ್ಲರೆಯನ್ನೂ ಕೇಳಿಕೊಂಡು ಏಜೆಂಟನು ನೇಕಾರನ, ಮೀನುಗಾರನ, ಚಿಲ್ಲರೆ ವ್ಯಾಪಾರಿಯ ಬಾಗಿಲಿಗೇ ಬಂದನು. 1969ರಲ್ಲಿ ಆ ಬ್ಯಾಂಕು ರಾಷ್ಟ್ರೀಕರಣಗೊಂಡಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿ ಏಜೆಂಟನೂ ನಮ್ಮ ಹೆಸರು ಬಲ್ಲವನೇ. ಯಾರಿಗೆ ಯಾವ ದಿನ ಬಟವಾಡೆ, ಯಾರ ಅಂಗಡಿಯಲ್ಲಿ ಯಾವಾಗ ವ್ಯಾಪಾರ ಎಂಬುದನ್ನು ತಿಳಿದುಕೊಂಡು ಬರುವವನೇ. ಇಂದಿನ ಕಂಪೆನಿಗಳು ಮಾಡುವುದನ್ನು ಅವನು ಕಾಲ್ನಡಿಗೆಯಲ್ಲಿ ಮಾಡಿದನು. ಆದರೆ ಅವನಿಗೂ ಕಂಪೆನಿಗೂ ಒಂದು ವ್ಯತ್ಯಾಸವಿದೆ. ಅವನು ಬರೆದ ಲೆಕ್ಕದ ಪ್ರತಿ ಠೇವಣಿದಾರನ ಕೈಯಲ್ಲಿಯೂ ಇತ್ತು. ತಪ್ಪಿದರೆ ನಾಳೆ ಅದೇ ದಾರಿಯಲ್ಲಿ ಬರುವ ಅವನನ್ನು ನಿಲ್ಲಿಸಿ ಕೇಳಬಹುದಿತ್ತು. ಅಂಗಡಿಯ ಉದ್ರಿ ಪುಸ್ತಕವೂ ಹೀಗೆಯೇ. ‘ನನ್ನ ಲೆಕ್ಕ ತೆಗೆಯಿರಿ’ ಎಂದರೆ ಅಂಗಡಿಯವನು ಪುಟ ತಿರುವಿ ತೋರಿಸಲೇಬೇಕು.

ಎರಡನೆಯ ಪುಸ್ತಕ ಧಣಿಯದು. ಚಾಲಗೇಣಿಯ ಒಕ್ಕಲು ಎಷ್ಟು ಮುಡಿ ಅಳೆದನು, ಎಷ್ಟು ಬಾಕಿ ಉಳಿಸಿದನು ಎಂಬುದೆಲ್ಲ ಧಣಿಯ ಮನೆಯ ಚಾವಡಿಯ ಪುಸ್ತಕದಲ್ಲಿತ್ತು. ಅನೇಕ ಒಕ್ಕಲುಗಳ ಕೈಯಲ್ಲಿ ಒಂದು ರಶೀದಿಯ ತುಂಡೂ ಇರಲಿಲ್ಲ. ಪುಸ್ತಕ ಏನು ಹೇಳುತ್ತದೋ ಅದೇ ಸತ್ಯ. 1974ರ ಮಾರ್ಚ್ 1ರಂದು ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದಾಗ ಒಕ್ಕಲಿಗೆ ನಮೂನೆ 7ರ ಅರ್ಜಿಯನ್ನು ಹಾಕುವ ಹಕ್ಕು ಬಂತು. ತಾಲೂಕಿನಲ್ಲಿಯೇ ಭೂ ನ್ಯಾಯಮಂಡಳಿ ಕುಳಿತಿತು. ವಕೀಲರಿಗೆ ಅಲ್ಲಿ ಆರಂಭದಲ್ಲಿ ಪ್ರವೇಶವಿರಲಿಲ್ಲ; ಒಕ್ಕಲು ತನ್ನ ಬಾಯಿಂದಲೇ ತನ್ನ ಮಾತು ಹೇಳಿದನು. ಧಣಿಯ ಪುಸ್ತಕದ ಅಧಿಕಾರ ಮುರಿದದ್ದು ಹೀಗೆ. ಅದು ಯಾರೂ ಕನಿಕರದಿಂದ ಕೊಟ್ಟ ದಾನವಲ್ಲ. 1951ರ ಕಾಗೋಡು ಸತ್ಯಾಗ್ರಹದಿಂದ ಹಿಡಿದು ಎರಡು ದಶಕಗಳ ಹೋರಾಟದ ಫಲ.

ಮೂರನೆಯದು ಇಂದಿನ ಕಂಪೆನಿಯ ಪುಸ್ತಕ. ಧಣಿಯ ಪುಸ್ತಕ ಇದ್ದ ಚಾವಡಿಯಾದರೂ ನಮಗೆ ಗೊತ್ತಿತ್ತು. ಈ ಪುಸ್ತಕ ಯಾವ ದೇಶದಲ್ಲಿದೆಯೆಂಬುದೇ ನಮಗೆ ಗೊತ್ತಿಲ್ಲ. ಧಣಿ ಬರೆದದ್ದು ನಮ್ಮ ಗೇಣಿಯನ್ನು ಮಾತ್ರ. ಈ ಪುಸ್ತಕದಲ್ಲಿ ನಾವು ರಾತ್ರಿ ಎಷ್ಟು ಗಂಟೆಗೆ ಎಚ್ಚರವಿದ್ದೆವು, ಯಾವ ಕಾಯಿಲೆಯ ಔಷಧಿ ಹುಡುಕಿದೆವು, ಯಾವ ತಿಂಗಳ ಕೊನೆಯಲ್ಲಿ ಸಾಲದ ಪುಟ ತೆರೆದೆವು ಎಂಬುದೂ ಸೇರಬಹುದು. ಧಣಿಯ ಪುಸ್ತಕದ ಮುಂದೆ ನಾವು ಕೈಕಟ್ಟಿ ನಿಂತದ್ದು ಸಾಕೆಂದು ಹೋರಾಡಿದ ಜನ, ಈ ಪುಸ್ತಕದ ಮುಂದೆ ಮಾತ್ರ ತಲೆ ಬಾಗಿಸಿ ನಿಲ್ಲಬೇಕೇ?

ಕೂಗಿ ಹೇಳುವ ಬೆಲೆ, ಕಿವಿಯಲ್ಲಿ ಹೇಳುವ ಬೆಲೆ

ಗಂಗೊಳ್ಳಿಯ ಬಂದರಿನಲ್ಲಿ ಮೀನಿನ ಏಲಂ ನಡೆಯುವುದನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತು. ಅಲ್ಲಿ ಬೆಲೆಯನ್ನು ಕೂಗಿ ಹೇಳುತ್ತಾರೆ. ಕೊಳ್ಳುವವನೂ ಕೇಳುತ್ತಾನೆ, ಮಾರುವವನೂ ಕೇಳುತ್ತಾನೆ, ಬುಟ್ಟಿ ಹಿಡಿದು ನಿಂತ ಹೆಂಗಸೂ ಕೇಳುತ್ತಾಳೆ. ದನದ ಜಾತ್ರೆಗಳಲ್ಲಿ ಬಟ್ಟೆಯಡಿ ಬೆರಳು ಹಿಡಿದು ಬೆಲೆ ಮಾತಾಡುವ ಪದ್ಧತಿಯಿತ್ತು. ಅದು ಗುಟ್ಟಿನ ವ್ಯಾಪಾರವೇ ಸರಿ. ಆದರೂ ಬಟ್ಟೆಯಡಿಯಲ್ಲಿ ಇಬ್ಬರ ಕೈಯೂ ಇರುತ್ತಿತ್ತು. ಇಂದಿನ ಹೊಸ ಸಂತೆಯಲ್ಲಿ ಬಟ್ಟೆಯಡಿ ಇರುವುದು ಒಬ್ಬನ ಕೈ ಮಾತ್ರ. ನನಗೆ ತೋರಿಸಿದ ಬೆಲೆ ನನ್ನ ಪಕ್ಕದವನಿಗೆ ತೋರಿಸಿದ ಬೆಲೆಯೇ ಹೌದೋ ಅಲ್ಲವೋ ಎಂದು ನನಗೆ ತಿಳಿಯುವ ದಾರಿಯಿಲ್ಲ.

ಇದು ಬರಿಯ ಸಂಶಯವೆನ್ನಬೇಡಿ. 2000ದ ಸೆಪ್ಟೆಂಬರ್ ತಿಂಗಳಲ್ಲಿ ಅಮೆಜಾನ್ ಕಂಪೆನಿ ಒಂದೇ ಸಿನೆಮಾ ಡಿವಿಡಿಯನ್ನು ಬೇರೆ ಬೇರೆ ಗಿರಾಕಿಗಳಿಗೆ ಬೇರೆ ಬೇರೆ ಬೆಲೆಗೆ ಮಾರಿದ್ದು ಬಯಲಾಯಿತು. ಅದು ಬೆಲೆಯ ಪರೀಕ್ಷೆಯೆಂದು ಕಂಪೆನಿ ಹೇಳಿತು, ಹೆಚ್ಚು ಕೊಟ್ಟವರಿಗೆ ಹಣ ಹಿಂದೆ ಕೊಟ್ಟಿತು. 2012ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯವರು ಸ್ಟೇಪಲ್ಸ್ ಎಂಬ ಅಂಗಡಿಯ ಜಾಲಪುಟವು ಗಿರಾಕಿ ಇರುವ ಜಾಗವನ್ನು ಅಂದಾಜು ಮಾಡಿ ಬೆಲೆ ಬದಲಿಸುತ್ತಿದ್ದುದನ್ನು ಪರೀಕ್ಷಿಸಿ ಬರೆದರು. ನಮ್ಮ ದೇಶದಲ್ಲಿಯೇ 2025ರ ಜನವರಿಯಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಓಲಾ ಮತ್ತು ಊಬರ್ ಕಂಪೆನಿಗಳಿಗೆ ನೋಟೀಸು ಕೊಟ್ಟು, ಫೋನಿನ ಜಾತಿ ನೋಡಿ ಬಾಡಿಗೆ ಬದಲಾಗುತ್ತದೆಂಬ ದೂರಿಗೆ ಉತ್ತರ ಕೇಳಿತು. ಹಾಗೇನೂ ಇಲ್ಲವೆಂದು ಕಂಪೆನಿಗಳು ಹೇಳಿದವು. ಹೌದೋ ಅಲ್ಲವೋ ಎಂದು ಸಾಮಾನ್ಯ ಪ್ರಯಾಣಿಕ ಹೇಗೆ ಪರೀಕ್ಷಿಸಬೇಕು? ನಮ್ಮ ತಕರಾರು ಇರುವುದೇ ಅಲ್ಲಿ.

ತೂಕದ ಕಲ್ಲಿಗೆ ಸರಕಾರದ ಮುದ್ರೆ ಇರಬೇಕು, ಮುದ್ರೆಯಿಲ್ಲದ ಕಲ್ಲಿಟ್ಟ ವ್ಯಾಪಾರಿಗೆ ದಂಡ ಬೀಳುತ್ತದೆ. ಕಟ್ಟಿದ ಪೊಟ್ಟಣದ ಮೇಲೆ ಗರಿಷ್ಠ ಬೆಲೆ ಅಚ್ಚಾಗಿರಬೇಕು. ಕೋಟೇಶ್ವರದ, ಸಾಲಿಗ್ರಾಮದ ಚಿಲ್ಲರೆ ವ್ಯಾಪಾರಿ ಪಾಲಿಸುವ ಈ ನೇಮ ಕಣ್ಣಿಗೆ ಕಾಣದ ತಕ್ಕಡಿ ಹಿಡಿದ ದೊಡ್ಡ ಕಂಪೆನಿಗೆ ಯಾಕಿಲ್ಲ?

ಕಷ್ಟದ ದಿನ ನೋಡಿ ಬರುವ ಸಾಲ

ಎಲ್ಲಕ್ಕಿಂತ ಅಪಾಯದ್ದು ಸಾಲದ ಲಿಂಕು. ಕಾರ್ಮಿಕನ ಕೈ ಬರಿದಾಗುವುದು ತಿಂಗಳ ಕೊನೆಯಲ್ಲಿ, ಮಳೆಗಾಲದಲ್ಲಿ, ಶಾಲೆ ತೆರೆಯುವ ಜೂನ್‌ನಲ್ಲಿ. ಹಿಂದೆ ಇದನ್ನು ತಿಳಿದುಕೊಂಡು ಬಡ್ಡಿಯವನು ಕಾರ್ಖಾನೆಯ ಬಾಗಿಲಲ್ಲಿ ನಿಲ್ಲುತ್ತಿದ್ದನು. ಇಂದು ನಮ್ಮ ಹುಡುಕಾಟ, ನಮ್ಮ ಒತ್ತುವಿಕೆ, ನಮ್ಮ ಹಳೆಯ ಕಂತುಗಳೇ ಆ ಸುದ್ದಿಯನ್ನು ಕೊಡಬಲ್ಲವು. ಹೆಸರು ಹಾಕಿದ, ಮೊತ್ತ ಹಾಕಿದ, ‘ಮಂಜೂರಾಗಿದೆ’ ಎಂದು ಬರೆದ ಪತ್ರ ಸರಿಯಾಗಿ ಕಷ್ಟದ ದಿನವೇ ಬಂದಿಳಿದರೆ ಅದನ್ನು ದೇವರು ಕೊಟ್ಟ ವರವೆಂದು ತಿಳಿಯಬಾರದು.

ಭಾರತೀಯ ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರ್‌ನಲ್ಲಿ ಇಂಥ ಸಾಲಗಳಿಗೆ ಕಟ್ಟಳೆ ಮಾಡಿತು. 2025ರ ಮೇ ತಿಂಗಳ ನಿರ್ದೇಶನದಲ್ಲಿ ಅದನ್ನು ಮುಂದುವರಿಸಿತು. ಸಾಲದ ಆ್ಯಪು ನಮ್ಮ ಫೋನಿನಲ್ಲಿರುವ ಚಿತ್ರಗಳನ್ನಾಗಲಿ, ಪರಿಚಯದವರ ಪಟ್ಟಿಯನ್ನಾಗಲಿ, ಕರೆಗಳ ದಾಖಲೆಯನ್ನಾಗಲಿ ಮುಟ್ಟಕೂಡದು. ವರ್ಷಕ್ಕೆ ಒಟ್ಟು ಎಷ್ಟು ಬಡ್ಡಿ, ಎಷ್ಟು ಖರ್ಚು ಎಂಬುದನ್ನು ಮೊದಲೇ ಬರೆದು ತೋರಿಸಬೇಕು. ಬೇಡವೆನಿಸಿದರೆ ಗೊತ್ತುಪಡಿಸಿದ ಅವಧಿಯೊಳಗೆ ಅಸಲನ್ನೂ ಅಷ್ಟು ದಿನದ ಬಡ್ಡಿಯನ್ನೂ ಕೊಟ್ಟು ದಂಡವಿಲ್ಲದೆ ಹೊರಬರುವ ಹಕ್ಕಿದೆ. ರಿಸರ್ವ್ ಬ್ಯಾಂಕಿನ ಜಾಲಪುಟದಲ್ಲಿ ಸಾಲದ ಆ್ಯಪುಗಳ ಪಟ್ಟಿಯೂ ಇದೆ. ಪಟ್ಟಿಯಲ್ಲಿ ಹೆಸರಿಲ್ಲದವನ ಲಿಂಕನ್ನು ಒತ್ತಕೂಡದೆಂದು ಪ್ರತಿಯೊಂದು ಕಾರ್ಖಾನೆಯ ಯೂನಿಯನ್ನು ತನ್ನ ಸದಸ್ಯರಿಗೆ ಹೇಳಬೇಕು.

ಇನ್ನು ಶುದ್ಧ ಕಳ್ಳರ ಮಾತು. ವಾಹನದ ದಂಡ ಬಾಕಿ, ವಿದ್ಯುತ್ ಬಿಲ್ಲು ಬಾಕಿ, ಮದುವೆಯ ಕರೆಯೋಲೆ ಎಂದು ಬರುವ ಲಿಂಕುಗಳಿಗೆ ಜನ ಮೋಸಹೋಗುವುದು ಮೂರ್ಖತನದಿಂದಲ್ಲ. ಪತ್ರದಲ್ಲಿ ಹೆಸರು ಸರಿಯಾಗಿರುತ್ತದೆ, ಕೆಲವು ಸಲ ವಾಹನದ ನಂಬ್ರವೂ ಸರಿಯಾಗಿರುತ್ತದೆ, ಆದುದರಿಂದ ನಂಬುತ್ತಾರೆ. ಕಂಪೆನಿಗಳು ನಮ್ಮನ್ನು ಹೆಸರು ಹಿಡಿದು ಕರೆದು ಕರೆದು ಅಭ್ಯಾಸ ಮಾಡಿಸಿದ ನಂಬಿಕೆಯ ಫಸಲನ್ನು ಕಳ್ಳನು ಕೊಯ್ಯುತ್ತಾನೆ. ಹಣ ಹೋದರೆ ನಾಚಿಕೊಂಡು ಕೂರದೆ ಕೂಡಲೇ 1930 ನಂಬ್ರಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟಿಹೋಗುತ್ತದೆ.

ಚಿಲ್ಲರೆ ವ್ಯಾಪಾರಿಯ ಪ್ರಶ್ನೆ

ಇಲ್ಲಿ ನಮ್ಮ ವ್ಯಾಪಾರಿ ಮಿತ್ರರು ಒಂದು ನ್ಯಾಯವಾದ ಪ್ರಶ್ನೆಯನ್ನು ಕೇಳುತ್ತಾರೆ. ‘ಗೇರುಬೀಜ, ಹಲಸಿನ ಹಪ್ಪಳ, ಒಣಮೀನು, ಕುಚ್ಚಲಕ್ಕಿ ಮಾರುವವರು ನಾವು. ನಮ್ಮೂರಿನವರು ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ ಹೋಟೆಲು, ಬೇಕರಿ ನಡೆಸುತ್ತಿದ್ದಾರೆ, ಗಲ್ಫಿನಲ್ಲಿ ದುಡಿಯುತ್ತಿದ್ದಾರೆ. ಅವರಿಗೆ ಹೆಸರು ಹಾಕಿ ನಾಲ್ಕು ಪತ್ರ ಬರೆದು ವ್ಯಾಪಾರ ಕುದುರಿಸಿದರೆ ಅದೂ ಶೋಷಣೆಯೇ? ದೊಡ್ಡವರು ಮಾಡುವಾಗ ಸುಮ್ಮನಿದ್ದು ನಾವು ಮಾಡುವಾಗ ನೀವು ತಡೆಯುತ್ತೀರಾ?’

ನಮ್ಮ ಉತ್ತರ ಸ್ಪಷ್ಟವಾಗಿದೆ. ಮಾಡಿರಿ. ಗಿರಾಕಿಯನ್ನು ಬಲ್ಲ ವ್ಯಾಪಾರಿ ಅವನನ್ನು ಹೆಸರು ಹಿಡಿದು ಕರೆಯುವುದು ತಪ್ಪಲ್ಲ. ಅದು ಸಣ್ಣ ವ್ಯಾಪಾರದ ಬಲವೇ ಆಗಿದೆ. ನಿಮಗೆ ಉದ್ರಿ ಪುಸ್ತಕದ ಧರ್ಮ ಗೊತ್ತಿದೆ, ಅದನ್ನೇ ಫೋನಿಗೂ ಹಚ್ಚಿರಿ. ಗಿರಾಕಿ ತಾನಾಗಿ ಕೊಟ್ಟ ನಂಬ್ರವನ್ನು ಮಾತ್ರ ಬರೆದುಕೊಳ್ಳಿರಿ. ಯಾತಕ್ಕೆ ಬೇಕೆಂದು ಮೊದಲೇ ಹೇಳಿರಿ. ‘ಬೇಡ’ ಎಂದವನ ಹೆಸರನ್ನು ಅಂದೇ ಹೊಡೆದುಹಾಕಿರಿ. ಲಿಂಕಿನಲ್ಲಿ ಗುರುತು ಇಟ್ಟಿದ್ದರೆ ಇಟ್ಟಿದ್ದೇನೆಂದು ಬರೆಯಿರಿ. ಸಾವಿರಕ್ಕೆ ಇಷ್ಟು ಎಂದು ನಂಬ್ರಗಳ ಪಟ್ಟಿ ಮಾರುವವನು ಬಂದರೆ ಅವನನ್ನು ಅಂಗಡಿಯ ಮೆಟ್ಟಿಲು ಹತ್ತಿಸಬೇಡಿರಿ; ಅವನು ಮಾರುವುದು ಕದ್ದ ಸೊತ್ತು.

ಮತ್ತೊಂದು ಎಚ್ಚರಿಕೆ ಮುಖ್ಯವಾದದ್ದು. 2012ರಿಂದ ಫೇಸ್‌ಬುಕ್‌ನಲ್ಲಿ ವ್ಯಾಪಾರಿಯು ತನ್ನ ಗಿರಾಕಿಗಳ ಪಟ್ಟಿಯನ್ನು ಒಪ್ಪಿಸಿ ಅವರಿಗೇ ಜಾಹೀರಾತು ತೋರಿಸುವ ಏರ್ಪಾಡಿದೆ. ಆ ಪಟ್ಟಿಯನ್ನು ಇನ್ನೊಬ್ಬ ವ್ಯಾಪಾರಿಗೆ ಕೊಡುವುದಿಲ್ಲವೆಂದು ಕಂಪೆನಿ ಹೇಳುತ್ತದೆ. ಇರಲಿ. ಆದರೆ ಗಿರಾಕಿಯ ಕಣ್ಣಿಗೆ ಬೀಳಬೇಕಾದರೆ ಪ್ರತಿ ಸಲವೂ ಕಂಪೆನಿಗೆ ಹಣ ತೆರಬೇಕು. ಅದೇ ಗಿರಾಕಿಯ ಕಣ್ಣಿಗಾಗಿ ನಿಮಗಿಂತ ನೂರು ಪಾಲು ಬಂಡವಾಳವುಳ್ಳ ದೊಡ್ಡ ಅಂಗಡಿಯೂ ಅಲ್ಲಿಯೇ ಏಲಂ ಕೂಗುತ್ತಿರುತ್ತದೆ. ಮೂವತ್ತು ವರ್ಷದ ವಿಶ್ವಾಸದಿಂದ ಗಳಿಸಿದ ನಮ್ಮ ಗಿರಾಕಿಯನ್ನು ನಾವೇ ದಿನಬಾಡಿಗೆಗೆ ಪಡೆಯುವ ಸ್ಥಿತಿ ಇದು. ಹಿಂದೆ ಒಕ್ಕಲು ತಾನೇ ಹದ ಮಾಡಿದ ಗದ್ದೆಗೆ ತಾನೇ ಗೇಣಿ ತೆತ್ತದ್ದು ನೆನಪಿದೆಯೇ? ಗದ್ದೆ ಬದಲಾಗಿದೆ, ಗೇಣಿ ಬದಲಾಗಿಲ್ಲ.

ಆದುದರಿಂದ ವ್ಯಾಪಾರಿಗಳು ತಮ್ಮ ಪಟ್ಟಿಯನ್ನು ತಮ್ಮ ಕೈಯಲ್ಲಿಯೇ ಇಟ್ಟುಕೊಳ್ಳಬೇಕು. ಒಬ್ಬೊಬ್ಬರಿಗೆ ಸಾಧ್ಯವಾಗದಿದ್ದರೆ ಸಹಕಾರದಿಂದ ಸಾಧ್ಯ. ಹಾಲಿಗೆ, ಮೀನಿಗೆ, ಸಾಲಕ್ಕೆ ಸಹಕಾರ ಸಂಘ ಕಟ್ಟಿದ ಜಿಲ್ಲೆಯವರಿಗೆ ಒಂದು ಸಾಮಾನ್ಯ ಜಾಲಪುಟ, ಒಂದು ಸಾಮಾನ್ಯ ವಿಳಾಸಪಟ್ಟಿಯನ್ನು ಕಟ್ಟುವುದು ದೊಡ್ಡ ಮಾತಲ್ಲ.

ಕಾನೂನು ಕೊಟ್ಟದ್ದೆಷ್ಟು?

ಕಾನೂನು ಇಲ್ಲವೆಂದಲ್ಲ. ಮೊದಲು ನಮ್ಮ ನಾಡಿನ ಒಬ್ಬ ಹಿರಿಯರನ್ನು ನೆನೆಯಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಏರ್ಪಾಡನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆ ದಾವೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಅವರು 2024ರಲ್ಲಿ ತೀರಿಕೊಂಡರು, ತೀರ್ಪು ಉಳಿದಿದೆ.

ಆ ತೀರ್ಪಿನ ಬೆನ್ನಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ ಬಂತು. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಕಂಪೆನಿಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ ಮತ್ತೆ 18 ತಿಂಗಳ ವಾಯಿದೆ ಕೊಟ್ಟಿದೆ. ಅದರಲ್ಲಿ ಒಳ್ಳೆಯ ಅಂಶಗಳಿವೆ. ನಮ್ಮ ಮಾಹಿತಿ ಪಡೆಯುವ ಮೊದಲು ಯಾತಕ್ಕೆಂದು ತಿಳಿಸಿ ಒಪ್ಪಿಗೆ ಕೇಳಬೇಕು. ಆ ತಿಳಿವಳಿಕೆಯನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲಿಯೂ ಓದುವ ಅವಕಾಶ ಇರಬೇಕು. ಏನೇನು ಬರೆದುಕೊಂಡಿದ್ದೀರಿ, ಯಾರಿಗೆ ಕೊಟ್ಟಿದ್ದೀರಿ ಎಂದು ಕೇಳುವ ಹಕ್ಕು, ತಿದ್ದಿಸುವ ಹಕ್ಕು, ಅಳಿಸುವ ಹಕ್ಕು ನಮಗಿದೆ. ಹದಿನೆಂಟು ತುಂಬದ ಮಕ್ಕಳ ಬೆನ್ನುಹತ್ತಿ ಅವರಿಗೆ ಗುರಿಯಿಟ್ಟು ಜಾಹೀರಾತು ಹಾಕಕೂಡದೆಂದೂ ಇದೆ. ಮಕ್ಕಳಿಗೆ ಕೇಡೆಂದು ಕಾನೂನೇ ಒಪ್ಪಿದ ಮೇಲೆ ದೊಡ್ಡವರಿಗೆ ಅದು ಅಮೃತವಾಗುವುದು ಹೇಗೆ?

ಇನ್ನು ಕೊರತೆಗಳನ್ನು ನೋಡೋಣ. ತಪ್ಪಿದ ಕಂಪೆನಿಗೆ 250 ಕೋಟಿ ರೂಪಾಯಿಯ ತನಕ ದಂಡ ಹಾಕಬಹುದು. ಆದರೆ ಆ ಹಣ ಹೋಗುವುದು ಕೇಂದ್ರ ಸರಕಾರದ ಬೊಕ್ಕಸಕ್ಕೆ. ಮಾಹಿತಿ ಸೋರಿಹೋಗಿ ನಷ್ಟಪಟ್ಟವನಿಗೆ ಪರಿಹಾರ ಕೊಡುತ್ತಿದ್ದ ಹಳೆಯ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ಎ ಕಲಮನ್ನು ತೆಗೆದುಹಾಕಲು ಈ ಕಾಯಿದೆಯಲ್ಲಿಯೇ ಬರೆದಿದೆ. ನಷ್ಟ ನಮ್ಮದು, ದಂಡ ಸರಕಾರದ್ದು! ದೂರು ಸುಳ್ಳು ಅಥವಾ ಕ್ಷುಲ್ಲಕವೆಂದು ತೋರಿದರೆ ದೂರು ಕೊಟ್ಟವನಿಗೇ 10,000 ರೂಪಾಯಿಯ ತನಕ ದಂಡ. ದೂರು ಕೇಳುವ ಮಂಡಳಿಯು ದೂರದ ದಿಲ್ಲಿಯ ಕಡೆಯದು, ಅದರ ವ್ಯವಹಾರ ಕಂಪ್ಯೂಟರಿನ ಮೂಲಕ. ಬೀಜ ಸುಲಿಯುವ ಕೈಗಳಿಗೆ ಈ ಬಾಗಿಲು ತೆರೆಯುವುದು ಹೇಗೆ? ನನಗೆ ಈ ಬೆಲೆ ಯಾವ ಲೆಕ್ಕದಿಂದ ಬಂತೆಂದು ಕಂಪೆನಿ ವಿವರಿಸಬೇಕೆಂಬ ಕಲಮು ಇದರಲ್ಲಿಲ್ಲ. ಇದೇ ಕಾಯಿದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನೂ ತಿದ್ದಿ, ವೈಯಕ್ತಿಕ ಮಾಹಿತಿಯೆಂಬ ನೆಪದಿಂದ ಅಧಿಕಾರಿಗಳು ಉತ್ತರ ನಿರಾಕರಿಸುವ ದಾರಿಯನ್ನು ಅಗಲ ಮಾಡಿದೆ. ಜನ ಸರಕಾರದ ಪುಸ್ತಕ ನೋಡಲು ಹೋದರೆ ಬಾಗಿಲು ಹಾಕುತ್ತಾರೆ. ಕಂಪೆನಿ ಜನರ ಪುಸ್ತಕ ಬರೆಯಲು ಬಂದರೆ ವಾಯಿದೆ ಕೊಡುತ್ತಾರೆ. ಇದು ಯಾರ ರಕ್ಷಣೆ?

ಫೋನಿನ ಸಂದೇಶಗಳ ಮಟ್ಟಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಕೆಲವು ಒಳ್ಳೆಯ ಕೆಲಸ ಮಾಡಿದೆ. 2024ರ ಅಕ್ಟೋಬರ್ 1ರಿಂದ ಕಂಪೆನಿಗಳ ಎಸ್ಸೆಮ್ಮೆಸ್ಸಿನಲ್ಲಿ ಮೊದಲೇ ನೋಂದಾಯಿಸದ ಲಿಂಕು ಇರಕೂಡದು. 2025ರಿಂದ ಕಳುಹಿಸಿದವನ ಹೆಸರಿನ ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಇರಬೇಕು: ‘ಪಿ’ ಎಂದರೆ ಪ್ರಚಾರ, ‘ಎಸ್’ ಎಂದರೆ ಸೇವೆ, ‘ಟಿ’ ಎಂದರೆ ವ್ಯವಹಾರ, ‘ಜಿ’ ಎಂದರೆ ಸರಕಾರ. ನಮ್ಮ ಹಂಚುಗಳ ಮೈಮೇಲೆ ಮಾಡಿದ ಕಾರ್ಖಾನೆಯ ಹೆಸರನ್ನು ಅಚ್ಚೊತ್ತುತ್ತಾರಲ್ಲ, ಹಾಗೆ. ಅಚ್ಚಿಲ್ಲದ ಹಂಚನ್ನು ಮಾಡಿಗೆ ಏರಿಸುವ ಮೊದಲು ಯೋಚಿಸುವ ನಾವು ಅಚ್ಚಿಲ್ಲದ ಲಿಂಕನ್ನು ಒತ್ತುವ ಮೊದಲೂ ಯೋಚಿಸಬೇಕು. ಬೇಡದ ಪ್ರಚಾರ ನಿಲ್ಲಿಸಲು 1909 ನಂಬ್ರವಿದೆ. ಏಳು ದಿನದೊಳಗೆ ದೂರು ಕೊಡಬಹುದು. ಆದರೆ ಈ ಕಟ್ಟಳೆ ವಾಟ್ಸಾಪಿಗೂ ಈ-ಮೇಲಿಗೂ ತಾಗುವುದಿಲ್ಲ. ಅಣೆಕಟ್ಟು ಇಲ್ಲದ ಕಡೆಗೆ ನೀರು ಹರಿಯುವ ಹಾಗೆ ಪ್ರಚಾರವೆಲ್ಲ ಆ ಕಡೆಗೆ ಹರಿಯುತ್ತಿದೆ.

ನಾವು ಕೇಳುವುದು

ಯಂತ್ರವನ್ನು ಒಡೆಯಿರೆಂದು ನಾವು ಹೇಳುವುದಿಲ್ಲ. ನಾವು ಕೇಳುವುದು ಪುಸ್ತಕ ತೋರಿಸಿರೆಂದು. ಆ ಕೇಳಿಕೆಯನ್ನು ಐದು ಮಾತಿನಲ್ಲಿ ಹೇಳಬಹುದು.

ಒಂದು: ಹೆಸರು ಹಾಕಿ ಕಳುಹಿಸುವ ಪ್ರತಿಯೊಂದು ವ್ಯಾಪಾರದ ಪತ್ರದಲ್ಲಿ ಆ ಹೆಸರು ಎಲ್ಲಿಂದ ಬಂತೆಂಬುದನ್ನು ಕನ್ನಡದಲ್ಲಿ ಬರೆಯತಕ್ಕದ್ದು. ಲಿಂಕಿನಲ್ಲಿ ಗುರುತಿದ್ದರೆ ಅದನ್ನೂ ಹೇಳತಕ್ಕದ್ದು.

ಎರಡು: ಮನುಷ್ಯನನ್ನು ನೋಡಿ ಬೆಲೆ ಬದಲಿಸುವ ಜಾಲಪುಟ ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಬೆಲೆಯನ್ನೂ ಪಕ್ಕದಲ್ಲಿಯೇ ತೋರಿಸತಕ್ಕದ್ದು. ತಕ್ಕಡಿಗೆ ಮುದ್ರೆಯಿರುವಂತೆ ಇದಕ್ಕೂ ತಪಾಸಣೆ ಬೇಕು.

ಮೂರು: ದತ್ತಾಂಶ ಮಂಡಳಿಗೆ ದೂರು ಕೊಡಲು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಒಂದೊಂದು ನೆರವಿನ ಕೇಂದ್ರ ಬೇಕು. ಗ್ರಾಮ ಪಂಚಾಯತಿನ ಅರಿವು ಕೇಂದ್ರಗಳಲ್ಲಿ ಬಾಯಿಮಾತಿನ ದೂರನ್ನು ಬರೆದುಕೊಂಡು ಕಳುಹಿಸುವ ಏರ್ಪಾಡು ಆಗಬೇಕು. ಭೂ ನ್ಯಾಯಮಂಡಳಿ ತಾಲೂಕಿಗೆ ಬಂದದ್ದರಿಂದಲೇ ಒಕ್ಕಲಿಗೆ ನ್ಯಾಯ ಸಿಕ್ಕಿತೆಂಬುದನ್ನು ಸರಕಾರ ಮರೆಯಬಾರದು.

ನಾಲ್ಕು: ದಂಡದ ಹಣದಿಂದ ನಷ್ಟಪಟ್ಟವರಿಗೆ ಪರಿಹಾರ ಸಿಗಬೇಕು, ದೂರುದಾರನ ಮೇಲಿನ ದಂಡದ ಕಲಮು ಹೋಗಬೇಕು, ಮಾಹಿತಿ ಹಕ್ಕಿನ ಕಲಮು ಮೊದಲಿನಂತಾಗಬೇಕು.

ಐದು: ಕಾರ್ಮಿಕರ ನಂಬ್ರ, ಸಂಬಳ, ಬ್ಯಾಂಕಿನ ವಿವರವನ್ನು ಯಾವ ಹೊರಗಿನ ಕಂಪೆನಿಗೂ ಕೊಡುವುದಿಲ್ಲವೆಂದು ಪ್ರತಿಯೊಬ್ಬ ಮಾಲಿಕನೂ ಯೂನಿಯನ್ನಿಗೆ ಬರೆದುಕೊಡಬೇಕು. ಮುಂದಿನ ಒಪ್ಪಂದದ ಮಾತುಕತೆಯಲ್ಲಿ ಬೋನಸ್ಸಿನ ಜೊತೆಗೆ ಈ ಕಲಮನ್ನೂ ಸೇರಿಸಿರೆಂದು ಯೂನಿಯನ್ನುಗಳನ್ನು ನಾವು ಕೇಳಿಕೊಳ್ಳುತ್ತೇವೆ.

ಇವುಗಳಲ್ಲಿ ಕೊನೆಯದಕ್ಕೆ ದಿಲ್ಲಿಯ ಅಪ್ಪಣೆ ಬೇಕಾಗಿಲ್ಲ, ಬೆಂಗಳೂರಿನ ಅಪ್ಪಣೆಯೂ ಬೇಕಾಗಿಲ್ಲ. ಕಾರ್ಖಾನೆಯ ಗೇಟಿನ ಒಳಗೆ ಅದನ್ನು ಪಡೆಯಬಹುದು. ಅಲ್ಲಿಂದಲೇ ಆರಂಭಿಸೋಣ. ಹೆಸರು ನಮ್ಮದು, ಅದನ್ನು ಬರೆದುಕೊಂಡವನು ನಮಗೆ ಲೆಕ್ಕ ಒಪ್ಪಿಸಬೇಕು.